ಗಣಕಯಂತ್ರವು ಯಾವ ತಿರುಳಿನಿಂದ ಏಳತಕ್ಕದ್ದು?

ಈ ಸ್ಮರಣ ಸಂಚಿಕೆಯನ್ನು ಕೂಡಿಸುವವರು ನಮ್ಮ ಬಳಿಗೆ ಬಂದು, ಶಾಲೆಯ ಗಣಕಯಂತ್ರದ ಕೊಠಡಿಯನ್ನು ಕುರಿತು ಏನಾದರೂ ಬರೆದುಕೊಡಬೇಕೆಂದು ಕೇಳಿಕೊಂಡಾಗ, ಹಳೆಯ ವಿದ್ಯಾರ್ಥಿನಿಯರೂ ತಾಯಿತಂದೆಗಳೂ ಓದುವ ಪುಸ್ತಕದಲ್ಲಿ ಯಂತ್ರದ ಮಾತನ್ನು ಬರೆದರೆ ಯಾರು ಓದುವರೆಂದು ನಾವು ಮೊದಲು ಹಿಂಜರಿದೆವು. ಆದರೆ ಒಂದು ಬೇಸಿಗೆಯ ರಜೆಯಲ್ಲಿ ಅದೇ ಕೊಠಡಿಯಲ್ಲಿ ನಡೆದ ಒಂದು ಸಂಗತಿಯು ನೆನಪಿಗೆ ಬಂತು. ಅಂಥದ್ದು ಇದನ್ನೋದುವ ಯಾರ ಮನೆಯಲ್ಲಿಯಾದರೂ ನಾಳೆ ನಡೆಯಬಹುದಾದ್ದರಿಂದ, ಆ ಒಂದನ್ನೇ ಹಿಡಿದು ಬರೆಯುವದು ಲೇಸೆಂದು ತೋಚಿತು.

ನಮ್ಮ ಶಾಲೆಯಲ್ಲಿ ಓದಿಹೋದವರ ಹೆಸರಿನ ಪುಸ್ತಕಗಳು ಕಚೇರಿಯ ಮರದ ಬೀರುವಿನಲ್ಲಿದ್ದು, ಅವುಗಳಲ್ಲಿ ಕೆಲವನ್ನು ಗೆದ್ದಲು ತಿಂದುಬಿಟ್ಟಿತೆಂಬದು ನಿಮ್ಮಲ್ಲಿ ಅನೇಕರಿಗೆ ಗೊತ್ತುಂಟು. ಉಳಿದದ್ದನ್ನಾದರೂ ಉಳಿಸಿಕೊಳ್ಳಬೇಕೆಂದು ನಾವು ಕೆಲವರು ಕೂಡಿ, ಮೂರು ಬೇಸಿಗೆಗಳಲ್ಲಿ ಕುಳಿತು, ಹೆಸರು, ಊರು, ಸೇರಿದ ವರುಷ, ಬಿಟ್ಟ ವರುಷ ಇವೆಲ್ಲವನ್ನು ಒಂದು ಗಣಕಯಂತ್ರದಲ್ಲಿ ಬರೆದಿಟ್ಟೆವು. ಇದರ ಇನ್ನೊಂದು ಪ್ರತಿಯನ್ನು ಬೇರೆ ಕಡೆಯಲ್ಲಿ ಇಡಬೇಕೆಂದು ಪ್ರತಿ ಸಾಯಂಕಾಲವೂ ಅಂದುಕೊಂಡೆವು, ಇಡಲಿಲ್ಲ. ಇದು ನಮ್ಮ ತಪ್ಪೇ ಎಂದು ಮೊದಲೇ ಒಪ್ಪಿಕೊಳ್ಳುತ್ತೇವೆ.

ಮೂರನೆಯ ಬೇಸಿಗೆಯ ಕೊನೆಯ ವಾರದಲ್ಲಿ ಒಂದು ದಿವಸ ಆ ಯಂತ್ರವು ತನ್ನ ಒಳಗಿನ ಕಾರ್ಯಕ್ರಮಗಳನ್ನು ತಾನೇ ಹೊಸದು ಮಾಡಿಕೊಂಡು, ಮತ್ತೆ ಆರಂಭಿಸಬೇಕೆಂದು ತಿಳಿಸಿತು. ನಾವು ಅದನ್ನು ಆರಿಸಿ ಮನೆಗೆ ಹೋದೆವು. ಮರುದಿನ ಬೆಳಗ್ಗೆ ಗುಂಡಿ ಒತ್ತಲಾಗಿ, ತಯಾರಕರ ಗುರುತು ಕಾಣಿಸಿ, ತರುವಾಯ ತೆರೆಯು ಕಪ್ಪಾಗಿ, ಅರ್ಧ ಗಂಟೆ ಕಾದರೂ ಹಾಗೆಯೇ ನಿಂತಿತು. ಪೇಟೆಯಿಂದ ಕರೆಯಿಸಿದ ರಿಪೇರಿಯವನು ನೋಡಿ, ಇದರಲ್ಲಿರುವದೆಲ್ಲವನ್ನು ಅಳಿಸಿ ಹೊಸದಾಗಿ ಹಾಕಬೇಕು, ಬೇರೆ ಉಪಾಯವಿಲ್ಲ ಎಂದನು. ಅಳಿಸಿದರೆ ಹೆಸರುಗಳೂ ಅಳಿದುಹೋಗುವವಷ್ಟೆ! ನಮ್ಮಲ್ಲಿ ಒಬ್ಬರು ಅಳುವಂತಾಗಿ ಹೊರಗೆ ಹೋದರು. ಆ ಹೊತ್ತಿಗೆ ಗ್ರಂಥಾಲಯದ ಬೀಗದ ಕೈಯನ್ನು ಕೊಡಲಿಕ್ಕೆ ಬಂದಿದ್ದ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, ತಾನು ಒಂದು ಸಾರಿ ನೋಡಬಹುದೋ ಎಂದು ಕೇಳಿದಳು. ಯಂತ್ರವನ್ನು ಆರಿಸಿ, ಮತ್ತೆ ಹಚ್ಚಿ, ಎಸ್ಕೇಪ್ ಎಂಬ ಕೀಲಿಯನ್ನು ಒಂದೆರಡು ಸಾರಿ ತಟ್ಟಿದಳು. ಕಪ್ಪು ತೆರೆಯ ಮೇಲೆ ಕೆಲವು ಸಾಲುಗಳುಳ್ಳ ಒಂದು ಪಟ್ಟಿಯು ಮೂಡಿತು. ಅದರಲ್ಲಿ ಎರಡನೆಯ ಸಾಲಿಗೆ ಇಳಿದು, ಒಳಗಿನ ಇನ್ನೊಂದು ಪಟ್ಟಿಯನ್ನು ತೆರೆದು, ಅಲ್ಲಿ ಕೆಳಗಿನ ಒಂದು ಸಾಲನ್ನು ಆರಿಸಿದಳು. ಒಂದು ನಿಮಿಷದೊಳಗೆ ಯಂತ್ರವು ಎಂದಿನಂತೆ ಎದ್ದಿತು. ಹೆಸರುಗಳೆಲ್ಲ ಇದ್ದಲ್ಲಿಯೇ ಇದ್ದವು. ರಿಪೇರಿಯವನು ಏನೂ ಮಾತಾಡದೆ ತನ್ನ ಚೀಲವನ್ನು ಎತ್ತಿಕೊಂಡು ಹೋದನು.

ಇಷ್ಟಕ್ಕೇ ಮುಗಿದಿದ್ದರೆ ಈ ಲೇಖನವನ್ನು ಬರೆಯುತ್ತಿರಲಿಲ್ಲ. ಮರುದಿನ ಬೆಳಗ್ಗೆ ಗುಂಡಿ ಒತ್ತಿದರೆ ತೆರೆಯು ಮತ್ತೆ ಕಪ್ಪು! ಆ ಹುಡುಗಿಯೋ ಅಜ್ಜಿಯ ಊರಿಗೆ ಹೋಗಿದ್ದಳು. ಒಂದು ಸಾರಿ ಆರಿಸಿಕೊಳ್ಳುವದು ಬೇರೆ, ನಿತ್ಯಕ್ಕೆ ಗೊತ್ತುಮಾಡಿಡುವದು ಬೇರೆ ಎಂಬದನ್ನು ನಾವು ಆ ದಿವಸ ಕಲಿಯಬೇಕಾಯಿತು.

ಗಣಕಯಂತ್ರದ ಕಾರ್ಯಕ್ರಮಗಳಲ್ಲೆಲ್ಲ ಅತ್ಯಂತ ಒಳಗಿನದಕ್ಕೆ ಇಂಗ್ಲಿಷರು ಕರ್ನೆಲ್ ಎಂದು ಹೇಳುತ್ತಾರೆ. ಕಾಯಿಯೊಳಗಿನ ತಿರುಳು ಎಂಬದೇ ಆ ಶಬ್ದದ ಅರ್ಥವಾದ್ದರಿಂದ ನಾವೂ ಅದನ್ನು ತಿರುಳು ಎಂದೇ ಕರೆಯುವೆವು. ನಾವು ಕಣ್ಣಿನಿಂದ ನೋಡುವ ಚಿತ್ರ, ಅಕ್ಷರ, ಕಿಟಕಿಗಳೆಲ್ಲ ತೆಂಗಿನಕಾಯಿಯ ಸಿಪ್ಪೆ ಕರಟಗಳಂತೆ ಹೊರಗಿನವು. ತಿರುಳೇನು ಮಾಡುವದೆಂದರೆ, ಯಂತ್ರದ ಸ್ಮರಣಶಕ್ತಿಯನ್ನು ಯಾವ ಕಾರ್ಯಕ್ರಮಕ್ಕೆ ಎಷ್ಟು ಕೊಡಬೇಕು, ಯಾರ ಕೆಲಸವು ಮೊದಲು ಯಾರದು ಆಮೇಲೆ, ಕೀಲಿಮಣೆಯಲ್ಲಿ ಒತ್ತಿದ ಅಕ್ಷರವನ್ನು ಯಾರಿಗೆ ಮುಟ್ಟಿಸಬೇಕು, ತಟ್ಟೆಯ ಮೇಲೆ ಬರೆದ ಕಡತವನ್ನು ಯಾರು ನೋಡಬಹುದು ಯಾರು ನೋಡಕೂಡದು, ಇವೆಲ್ಲವನ್ನು ಗೊತ್ತುಮಾಡುವದು. ದೊಡ್ಡ ಮನೆಯಲ್ಲಿ ಅಡಿಗೆಯವಳಿಗೆ ಅಕ್ಕಿಯನ್ನು ಅಳೆದುಕೊಟ್ಟು, ಆಳುಗಳಿಗೆ ಕೆಲಸವನ್ನು ಹಂಚಿ, ಉಗ್ರಾಣದ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿರುವ ಹಿರಿಯ ಯಜಮಾನಿಯಂತೆ ಇದೆ ಅದರ ಅಧಿಕಾರ. ಆಕೆಯು ಏಳುವ ತನಕ ಮನೆಯಲ್ಲಿ ಒಲೆ ಉರಿಯುವದಿಲ್ಲ.

ನಮ್ಮ ಕೊಠಡಿಯ ಯಂತ್ರಗಳಲ್ಲಿರುವ ತಿರುಳಿಗೆ ಲಿನಕ್ಸ್ ಎಂದು ಹೆಸರು. ಫಿನ್‌ಲೆಂಡ್ ದೇಶದ ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಲಿನಸ್ ಟೋರ್ವಾಲ್ಡ್ಸ್ ಎಂಬ ತರುಣನು ೧೯೯೧ರಲ್ಲಿ ಇದನ್ನು ಬರೆಯಲಾರಂಭಿಸಿ, ಆ ವರುಷದ ಅಗಸ್ಟ್ ೨೫ರಂದು ಇತರರಿಗೆ ತಿಳಿಸಿದನು. ಆಗ ಅದು ಸುಮಾರು ಹತ್ತು ಸಾವಿರ ಸಾಲುಗಳ ಬರಹವಾಗಿತ್ತು. ಈಗ ಮೂರು ಕೋಟಿ ಸಾಲುಗಳಿಗೂ ಮಿಕ್ಕಿದೆ. ಇದನ್ನು ಯಾರಾದರೂ ಬೆಲೆ ಕೊಡದೆ ತಕ್ಕೊಳ್ಳಬಹುದು, ಓದಬಹುದು, ತಿದ್ದಬಹುದು. ನಿಮ್ಮಲ್ಲಿ ಅನೇಕರ ಕೈಯಲ್ಲಿರುವ ಆಂಡ್ರಾಯ್ಡ್ ದೂರವಾಣಿಯೊಳಗೆ ಇರುವದೂ ಲಿನಕ್ಸ್ ತಿರುಳೇ; ೨೦೧೭ರ ನವಂಬರದಿಂದ ಈಚೆಗೆ ಲೋಕದ ಅತಿ ವೇಗದ ೫೦೦ ಮಹಾಗಣಕಗಳೆಲ್ಲವೂ ಇದರಿಂದಲೇ ನಡೆಯುತ್ತವೆ. ನೆರೆಯ ಕೇರಳದ ಸರಕಾರಿ ಶಾಲೆಗಳಲ್ಲಿ ಮಕ್ಕಳು ಬಹುಕಾಲದಿಂದ ಇದನ್ನೇ ಬಳಸುತ್ತಿರುವರು.

ಲಿನಕ್ಸಿನ ಹೊಸ ಪ್ರತಿಯು ಒಂಬತ್ತು ಹತ್ತು ವಾರಗಳಿಗೊಮ್ಮೆ ಹೊರಡುತ್ತದೆ. ಅದರ ನಡುನಡುವೆ ಸಣ್ಣ ತಿದ್ದುಪಡಿಗಳು ಬರುತ್ತಲೇ ಇರುವವು. ಆದ್ದರಿಂದ ಯಂತ್ರದಲ್ಲಿ ಹೊಸ ತಿರುಳು ಆಗಾಗ್ಗೆ ಬಂದು ಕೂಡುವದು. ಆದರೆ ಇಲ್ಲಿ ಒಂದು ಜಾಣತನವನ್ನು ಮಾಡಿದ್ದಾರೆ. ಹೊಸದು ಬಂದೊಡನೆ ಹಳೆಯದನ್ನು ಅಳಿಸಿಬಿಡದೆ, ಒಂದೆರಡನ್ನು ಪಕ್ಕದಲ್ಲಿ ಇಟ್ಟುಕೊಂಡಿರುತ್ತಾರೆ. ಫೆಡೋರಾ ಎಂಬ ಸಂಗ್ರಹದಲ್ಲಿ ಸಾಮಾನ್ಯವಾಗಿ ಮೂರು ತಿರುಳುಗಳು ಇರುವವು. ಹೊಸ ಸೊಸೆಯ ಕೈಯಡಿಗೆಯು ಹೇಗಿರುವದೋ ಎಂದು ನೋಡುವ ತನಕ ಹಳೆಯ ಅಡಿಗೆಯವಳನ್ನು ಕಳುಹಿಸದ ಮನೆಗಳನ್ನು ನಾವು ಕಂಡಿದ್ದೇವೆ, ಇದೂ ಹಾಗೆಯೇ.

ಈಗ ಯಂತ್ರವು ಏಳುವ ಕ್ರಮವನ್ನು ನೋಡುವ. ಗುಂಡಿಯನ್ನು ಒತ್ತಿದ ಕೂಡಲೆ ಎಚ್ಚರಗೊಳ್ಳುವದು ತಿರುಳಲ್ಲ. ಅದು ಇನ್ನೂ ತಟ್ಟೆಯ ಮೇಲೆ ಮಲಗಿರುತ್ತದೆ. ಮೊದಲು ಎಚ್ಚರಾಗುವದು ಯಂತ್ರದ ಹಲಗೆಯ ಮೇಲಿನ ಒಂದು ಚಿಕ್ಕ ಚಿಪ್ಪಿನೊಳಗೆ ಬರೆದಿಟ್ಟಿರುವ ಕಾರ್ಯಕ್ರಮ. ಹಳೆಯ ಯಂತ್ರಗಳಲ್ಲಿ ಬಯೋಸ್, ಹೊಸವುಗಳಲ್ಲಿ ಯುಇಎಫ್‌ಐ ಎಂದು ಅದರ ಹೆಸರು. ಅದು ಸ್ಮರಣಶಕ್ತಿ, ಕೀಲಿಮಣೆ, ತೆರೆ ಮೊದಲಾದವು ಸರಿಯಾಗಿವೆಯೋ ಎಂದು ನೋಡಿಕೊಂಡು, ತಟ್ಟೆಯ ಒಂದು ಗೊತ್ತಾದ ಸ್ಥಳದಿಂದ ಇನ್ನೊಂದು ಚಿಕ್ಕ ಕಾರ್ಯಕ್ರಮವನ್ನು ಎತ್ತಿಕೊಂಡು ಅದಕ್ಕೆ ಕೆಲಸವನ್ನು ಒಪ್ಪಿಸುವದು. ಈ ಎರಡನೆಯವನೇ ಬೂಟ್‌ಲೋಡರ್. ತಿರುಳನ್ನು ತಟ್ಟೆಯಿಂದ ಸ್ಮರಣಶಕ್ತಿಗೆ ಹೊತ್ತು ತಂದು ಎಬ್ಬಿಸುವದು ಇವನ ಕೆಲಸ. ಬೂಟ್ ಎಂಬ ಹೆಸರು ಬಂದದ್ದು ವಿನೋದವಾಗಿದೆ: ತನ್ನ ಬೂಟಿನ ಕುಣಿಕೆಯನ್ನು ತಾನೇ ಹಿಡಿದೆಳೆದು ತನ್ನನ್ನು ಮೇಲಕ್ಕೆತ್ತಿಕೊಳ್ಳುವದೆಂಬ ಇಂಗ್ಲಿಷ್ ನುಡಿಗಟ್ಟಿನಿಂದ ಅದು ಹುಟ್ಟಿತು. ಮಲಗಿದ ಯಂತ್ರವು ತನ್ನನ್ನು ತಾನೇ ಎಬ್ಬಿಸಿಕೊಳ್ಳುವದಷ್ಟೆ.

ಲಿನಕ್ಸ್ ಯಂತ್ರಗಳಲ್ಲಿ ಹಿಂದೆ ಈ ಕೆಲಸವನ್ನು ಲಿಲೊ ಎಂಬ ಕಾರ್ಯಕ್ರಮವು ಮಾಡುತ್ತಿತ್ತು. ಅದಕ್ಕೆ ಕಡತಗಳ ಹೆಸರು ಗೊತ್ತಿರಲಿಲ್ಲ. ತಿರುಳು ತಟ್ಟೆಯ ಎಷ್ಟನೆಯ ಮನೆಯಲ್ಲಿದೆ ಎಂಬ ಅಂಕೆಗಳನ್ನು ಮಾತ್ರ ಬರೆದುಕೊಳ್ಳುತ್ತಿತ್ತು. ಆದ್ದರಿಂದ ತಿರುಳನ್ನು ಬದಲಿಸಿ, ಲಿಲೊವಿಗೆ ಹೇಳಲು ಮರೆತರೆ ಯಂತ್ರವು ಮರುದಿನ ಏಳುತ್ತಿರಲಿಲ್ಲ. ಎರಿಕ್ ಬೋಲಿನ್ ಎಂಬವನು ೧೯೯೫ರಲ್ಲಿ ಬರೆಯತೊಡಗಿದ ಗ್ರಬ್ ಎಂಬದು ಕಡತಗಳನ್ನು ಹೆಸರಿನಿಂದಲೇ ಹುಡುಕಿ ಓದಬಲ್ಲದು. ಕ್ರಮೇಣ ಅದೇ ಬಳಕೆಗೆ ಬಂದು, ಲಿಲೊವಿನ ಕೆಲಸವು ೨೦೧೫ರಲ್ಲಿ ನಿಂತುಹೋಯಿತು.

ಗ್ರಬ್ ಎಂಬವನನ್ನು ನಮ್ಮ ಶಾಲೆಯ ಬಾಗಲು ತೆರೆಯುವ ಜವಾನನೆಂದು ಭಾವಿಸಿಕೊಳ್ಳಿರಿ. ಬೆಳಗ್ಗೆ ಅವನು ಬೀಗದ ಕೈಗಳ ಗೊಂಚಲನ್ನು ಹಿಡಿದು ಬಾಗಲ ಬಳಿಯಲ್ಲಿ ಕೆಲವು ಕ್ಷಣ ನಿಲ್ಲುತ್ತಾನೆ. ಮುಖ್ಯೋಪಾಧ್ಯಾಯಿನಿಯವರು ಆಗ ಬಂದು, ಈ ಹೊತ್ತು ಹಳೆಯ ಕಟ್ಟಡವನ್ನು ತೆರೆ ಎಂದರೆ ಹಾಗೆ ಮಾಡುವನು. ಯಾರೂ ಏನೂ ಹೇಳದಿದ್ದರೆ, ಕಚೇರಿಯ ಗೋಡೆಗೆ ಹಚ್ಚಿರುವ ಚೀಟಿಯನ್ನು ನೋಡಿ ಅದರಲ್ಲಿ ಬರೆದಿರುವ ಬಾಗಲನ್ನು ತೆರೆಯುವನು. ಈ ಗೋಡೆಯ ಚೀಟಿಗೆ ಇಂಗ್ಲಿಷಿನಲ್ಲಿ ಡೀಫಾಲ್ಟ್ ಎನ್ನುವರು. ನಾವು ನಿತ್ಯದ ಆಯ್ಕೆ ಎನ್ನುವ. ನಮ್ಮ ಹುಡುಗಿಯು ಮಾಡಿದ್ದು ಬಾಗಲ ಬಳಿ ನಿಂತು ಒಂದು ದಿನದ ಮಟ್ಟಿಗೆ ಬಾಯಿಮಾತು ಹೇಳಿದ್ದು. ಚೀಟಿಯು ಬದಲಾಗಿರಲಿಲ್ಲ. ಮರುದಿನ ಜವಾನನು ಚೀಟಿಯ ಪ್ರಕಾರ ಹೊಸ ತಿರುಳಿನ ಬಾಗಲನ್ನೇ ತೆರೆದನು, ಅವನ ತಪ್ಪೇನು?

ಜವಾನನು ಎಷ್ಟು ಹೊತ್ತು ಕಾಯುವನೆಂಬದೂ ಚೀಟಿಯಲ್ಲಿ ಇರುತ್ತದೆ. ಅನೇಕ ಯಂತ್ರಗಳಲ್ಲಿ ಕಾಯುವದೇ ಇಲ್ಲ. ಪಟ್ಟಿಯನ್ನು ತೋರಿಸದೆ ನೇರವಾಗಿ ಒಳಗೆ ಹೋಗಿಬಿಡುವನು. ಆದಕಾರಣ ಪಟ್ಟಿಯನ್ನು ಕಾಣಬೇಕಾದರೆ ತಯಾರಕರ ಗುರುತು ಮೂಡಿದ ಕ್ಷಣದಲ್ಲಿಯೇ ಹೊಸ ಯಂತ್ರಗಳಲ್ಲಿ ಎಸ್ಕೇಪ್ ಕೀಲಿಯನ್ನು ತಟ್ಟಬೇಕು, ಹಳೆಯ ಬಯೋಸ್ ಯಂತ್ರಗಳಲ್ಲಿ ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿಯಬೇಕು. ಎಸ್ಕೇಪನ್ನು ಅತಿಯಾಗಿ ತಟ್ಟಿದರೆ ಪಟ್ಟಿಯೂ ಮಾಯವಾಗಿ ಗ್ರಬ್ ಎಂಬ ಬರಿಯ ಸೂಚನೆಯು ನಿಲ್ಲುವದುಂಟು. ಹೆದರಬಾರದು, ಅಲ್ಲಿ ನಾರ್ಮಲ್ ಎಂದು ಬರೆದು ಎಂಟರ್ ಒತ್ತಿದರೆ ಪಟ್ಟಿಯು ಹಿಂದಿರುಗುವದು. ನಮಗೆ ಇದು ಎರಡು ಸಾರಿ ಆಯಿತು, ಎರಡು ಸಾರಿಯೂ ಹೆದರಿದೆವು.

ಚೀಟಿಯನ್ನು ಬದಲಿಸುವ ಬಗೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇವೆ, ಯಾಕಂದರೆ ಎಡವುವ ಸ್ಥಳಗಳು ಇಲ್ಲಿಯೇ ಇವೆ. ಇದರಲ್ಲಿ ಬರುವ ಆಜ್ಞೆಗಳನ್ನು ನಾವು ಕನ್ನಡ ಅಕ್ಷರಗಳಲ್ಲಿ ಅಚ್ಚುಹಾಕಿಸಿದ್ದರೂ, ಯಂತ್ರಕ್ಕೆ ಅವುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಒತ್ತಿ ತಿಳಿಸಬೇಕು. ಕೆಲಸವು ಯಂತ್ರದ ಮೇಲ್ವಿಚಾರಕರ ಅಧಿಕಾರದಿಂದಲೇ ಆಗತಕ್ಕದ್ದಾದ್ದರಿಂದ, ಬದಲಿಸುವ ಆಜ್ಞೆಗಳ ಹಿಂದೆ ಸುಡೊ ಎಂಬ ಮಾತನ್ನು ಸೇರಿಸಬೇಕು.

ಮೊದಲು ಒಳ್ಳೆಯದಾಗಿ ನಡೆಯುತ್ತಿರುವ ತಿರುಳು ಯಾವದೆಂದು ತಿಳಿದುಕೊಳ್ಳಬೇಕು. ಅದನ್ನು ಪಟ್ಟಿಯಿಂದ ಆರಿಸಿ ಯಂತ್ರವನ್ನು ಎಬ್ಬಿಸಿದ ಮೇಲೆ, ಯುನೇಮ್ ಎಂಬ ಆಜ್ಞೆಯನ್ನು ಅಡ್ಡಗೆರೆ ಆರ್ ಸಹಿತ ಒತ್ತಿದರೆ, ಅದರ ಪೂರ್ಣ ಸಂಖ್ಯೆಯನ್ನು ಯಂತ್ರವೇ ಬರೆದು ತೋರಿಸುವದು. ಇದನ್ನು ಕಾಗದದ ಮೇಲೆ ಬರೆದುಕೊಳ್ಳಿರಿ.

ಚೀಟಿಯು ಇಟಿಸಿ ಎಂಬ ಕೋಣೆಯೊಳಗೆ ಡೀಫಾಲ್ಟ್ ಎಂಬ ಒಳಕೋಣೆಯಲ್ಲಿ ಗ್ರಬ್ ಎಂಬ ಹೆಸರಿನ ಕಡತದಲ್ಲಿದೆ. ಅದರಲ್ಲಿ ಗ್ರಬ್ ಡೀಫಾಲ್ಟ್ ಎಂದು ದೊಡ್ಡಕ್ಷರಗಳಲ್ಲಿ ಬರೆದು ಅದರ ಮುಂದೆ ಸೊನ್ನೆ ಹಾಕಿರುವದನ್ನು ಕಾಣುವಿರಿ. ಗ್ರಬ್ ಎಣಿಸುವದು ಒಂದರಿಂದಲ್ಲ, ಸೊನ್ನೆಯಿಂದ. ಸೊನ್ನೆಯೆಂದರೆ ಪಟ್ಟಿಯ ಮೊದಲನೆಯ ಸಾಲು. ಅದು ಯಾವಾಗಲೂ ಅತಿ ಹೊಸ ತಿರುಳು. ಹಳೆಯ ತಿರುಳುಗಳು ಅನೇಕ ಸಂಗ್ರಹಗಳಲ್ಲಿ ಎರಡನೆಯ ಸಾಲಿನ ಒಳಪಟ್ಟಿಯಲ್ಲಿ ಅಡಗಿರುತ್ತವೆ. ಎರಡನೆಯ ಸಾಲಿನ ಅಂಕೆ ೧, ಅದರ ಒಳಗಿನ ಮೂರನೆಯ ಸಾಲಿನ ಅಂಕೆ ೨. ಇವೆರಡರ ನಡುವೆ ಬಲಕ್ಕೆ ಬಾಯ್ಮುಚ್ಚಿದ ಕೋನದ ಗುರುತನ್ನು ಹಾಕಿ ೧>೨ ಎಂದು ಬರೆದರೆ ಆ ತಿರುಳು ನಿತ್ಯದ ಆಯ್ಕೆಯಾಗುವದು. ಅಂಕೆಗಳನ್ನು ಇಂಗ್ಲಿಷಿನಲ್ಲಿ ಬರೆಯಬೇಕು, ಎರಡು ಪಕ್ಕದಲ್ಲಿಯೂ ಉದ್ಧರಣದ ಚಿಹ್ನೆಗಳನ್ನು ಹಾಕಬೇಕು. ಒಳಪಟ್ಟಿಯಲ್ಲಿ ಪ್ರತಿ ತಿರುಳಿಗೂ ಎರಡು ಸಾಲುಗಳುಂಟು, ಎರಡನೆಯದು ದುರಸ್ತಿಗಾಗಿ ಎಬ್ಬಿಸುವ ರೀತಿ. ಎಣಿಸುವಾಗ ಅದನ್ನು ಮರೆಯಬಾರದು.

ಆದರೆ ಅಂಕೆಯನ್ನು ನಂಬುವದು ಜಾಣತನವಲ್ಲವೆಂದು ನಮ್ಮ ಅಭಿಪ್ರಾಯ. ತರಗತಿಯಲ್ಲಿ ಮೂರನೆಯ ಬೆಂಚಿನಲ್ಲಿ ಕುಳಿತವಳನ್ನು ಕರೆ ಎಂದು ಒಬ್ಬರಿಗೆ ಹೇಳಿಹೋದರೆ, ನಾಳೆ ಹೊಸ ಹುಡುಗಿಯೊಬ್ಬಳು ಮೊದಲ ಬೆಂಚಿಗೆ ಸೇರಿ ಎಲ್ಲರೂ ಹಿಂದೆ ಸರಿದಾಗ ಬೇರೊಬ್ಬಳು ಎದ್ದು ಬರುವಳಲ್ಲವೇ? ಇನ್ನೊಂದು ಹೊಸ ತಿರುಳು ಬಂದು ಕೂಡಿದೊಡನೆ ಪಟ್ಟಿಯೆಲ್ಲ ಕೆಳಕ್ಕೆ ಸರಿದು, ನಿನ್ನೆ ೧>೨ ಆಗಿದ್ದದ್ದು ಈ ಹೊತ್ತು ೧>೪ ಆಗುವದು. ಆದ್ದರಿಂದ ಹೆಸರಿನಿಂದಲೇ ಕರೆಯಬೇಕು. ಪ್ರತಿಯೊಂದು ಸಾಲಿಗೂ ತಿರುಳಿನ ಸಂಖ್ಯೆಯನ್ನೊಳಗೊಂಡ ಒಂದು ಪೂರ್ಣ ಹೆಸರುಂಟು. ಬೂಟ್ ಕೋಣೆಯೊಳಗಿನ ಗ್ರಬ್ ಕೋಣೆಯಲ್ಲಿ ಗ್ರಬ್ ಡಾಟ್ ಸಿಎಫ್‌ಜಿ ಎಂಬ ಕಡತವನ್ನು ಓದಿದರೆ ಅದು ಸಿಕ್ಕುವದು. ಓದುವದೇ ಹೊರತು ಅದರಲ್ಲಿ ಏನನ್ನೂ ತಿದ್ದಬೇಡಿರಿ. ಅದು ಚೀಟಿಯನ್ನು ನೋಡಿ ಯಂತ್ರವು ತಾನೇ ಬರೆದುಕೊಳ್ಳುವ ನಕಲು. ಮುಂದಿನ ತಿರುಳು ಬಂದಾಗ ನಿಮ್ಮ ತಿದ್ದುಪಡಿಯು ಗುರುತಿಲ್ಲದೆ ಅಳಿದುಹೋಗುವದು. ಅನುಭವವುಳ್ಳವರೂ ಇಲ್ಲಿ ತಪ್ಪುತ್ತಾರೆ.

ಎಲ್ಲಕ್ಕಿಂತ ನೆಟ್ಟಗಿನ ದಾರಿಯೇನಂದರೆ, ಚೀಟಿಯಲ್ಲಿ ಸೊನ್ನೆಯನ್ನು ತೆಗೆದು ಸೇವ್ಡ್ ಎಂದು ಬರೆದು, ಅಪ್‌ಡೇಟ್-ಗ್ರಬ್ ಎಂಬ ಆಜ್ಞೆಯನ್ನು ಕೊಡುವದು. ಚೀಟಿಯನ್ನು ಎಷ್ಟು ತಿದ್ದಿದರೂ ಈ ಆಜ್ಞೆಯನ್ನು ಕೊಡುವ ತನಕ ಜವಾನನಿಗೆ ಅದು ಮುಟ್ಟುವದಿಲ್ಲ. ತರುವಾಯ ಗ್ರಬ್-ಸೆಟ್-ಡೀಫಾಲ್ಟ್ ಎಂಬ ಆಜ್ಞೆಯ ಮುಂದೆ ಒಳಪಟ್ಟಿಯ ಹೆಸರು, ಕೋನದ ಗುರುತು, ತಿರುಳಿನ ಸಾಲಿನ ಹೆಸರು ಇವುಗಳನ್ನು ಕೂಡಿಸಿ ಬರೆಯಬೇಕು. ಇಲ್ಲಿಯೂ ಉದ್ಧರಣದ ಚಿಹ್ನೆಗಳನ್ನು ಬಿಡಬಾರದು. ಯಾಕಂದರೆ ಚಿಹ್ನೆಯಿಲ್ಲದ ಕೋನದ ಗುರುತನ್ನು ಯಂತ್ರವು ಬೇರೆ ಅರ್ಥದಲ್ಲಿ ತಕ್ಕೊಂಡು, ಯಾರಿಗೂ ಬೇಡವಾದ ಒಂದು ಕಡತವನ್ನು ಹುಟ್ಟಿಸಿ ಸುಮ್ಮನಿರುವದು. ಕೊನೆಗೆ ಗ್ರಬ್-ಎಡಿಟ್‌ಎನ್ವ್ ಲಿಸ್ಟ್ ಎಂದು ಕೇಳಿದರೆ, ತಾನು ಬರೆದುಕೊಂಡ ಹೆಸರನ್ನು ಗ್ರಬ್ ತೋರಿಸುವದು. ಅದನ್ನು ಕಾಗದದ ಮೇಲಿನ ಸಂಖ್ಯೆಯೊಡನೆ ಹೋಲಿಸಿ ನೋಡದೆ ಯಂತ್ರವನ್ನು ಆರಿಸಬೇಡಿರಿ. ಈ ಹೆಸರನ್ನು ಗ್ರಬ್ ಬರೆದುಕೊಳ್ಳುವದು ೧೦೨೪ ಬೈಟುಗಳ ಒಂದು ಪುಟ್ಟ ಕಡತದಲ್ಲಿ; ಇಷ್ಟೆಲ್ಲ ಗಲಿಬಿಲಿಯು ಅಷ್ಟು ಚಿಕ್ಕ ಸ್ಥಳದಲ್ಲಿ ತೀರುವದು ನಮಗೆ ಆಶ್ಚರ್ಯವಾಗಿ ತೋರಿತು.

ಚೀಟಿಯ ಕಡತದಲ್ಲಿಯೇ ಗ್ರಬ್ ಟೈಮೌಟ್ ಎಂಬ ಇನ್ನೊಂದು ಸಾಲುಂಟು. ಅದಕ್ಕೆ ಹತ್ತು ಎಂದು ಕೊಟ್ಟು, ಟೈಮೌಟ್ ಸ್ಟೈಲ್ ಎಂಬದಕ್ಕೆ ಮೆನು ಎಂದು ಕೊಟ್ಟರೆ, ಪ್ರತಿದಿನವೂ ಹತ್ತು ಸೆಕೆಂಡು ಪಟ್ಟಿಯು ಕಾಣುವದು. ಅವಸರದವರಿಗೆ ಇದು ಬೇಸರವಾದೀತು. ಅನೇಕರು ಬಳಸುವ ಯಂತ್ರದಲ್ಲಿ ಈ ಹತ್ತು ಸೆಕೆಂಡುಗಳನ್ನು ಉಳಿಸುವದು ಲೋಭವೆಂದೇ ನಾವು ಹೇಳುವೆವು.

ಎಲ್ಲಾ ಯಂತ್ರಗಳಲ್ಲಿ ಗ್ರಬ್‌ನ ಚೀಟಿಯನ್ನೇ ತಿದ್ದಬೇಕೆಂದಿಲ್ಲ. ಫೆಡೋರಾ ಮತ್ತು ಅದರ ಬಂಧುಗಳಲ್ಲಿ ಗ್ರಬ್ಬಿ ಎಂಬ ಸಹಾಯಕನುಂಟು. ಅವನಿಗೆ ತಿರುಳಿನ ಕಡತದ ಹೆಸರನ್ನು ಕೊಟ್ಟು ಸೆಟ್-ಡೀಫಾಲ್ಟ್ ಎಂದರೆ ಸಾಕು. ಸಿಸ್ಟಮ್‌ಡಿ-ಬೂಟ್ ಎಂಬದು ಇದ್ದಲ್ಲಿ ಪಟ್ಟಿಯಲ್ಲಿ ಬೇಕಾದ ಸಾಲಿನ ಮೇಲೆ ನಿಂತು ಡಿ ಅಕ್ಷರವನ್ನು ಒತ್ತಿದರೆ ಅದೇ ನಿತ್ಯದ ಆಯ್ಕೆಯಾಗುವದು. ಇದು ಎಲ್ಲಕ್ಕೂ ಸುಲಭ.

ಇನ್ನು, ಹೊಸ ತಿರುಳು ಯಾಕೆ ಕೆಡುವದು, ಹಳೆಯದರಲ್ಲಿಯೇ ಇದ್ದುಬಿಟ್ಟರೆ ಏನು ಎಂಬ ಪ್ರಶ್ನೆಗಳು ಉಳಿದಿವೆ. ನಮ್ಮ ಯಂತ್ರದಲ್ಲಿ ಕೆಟ್ಟದ್ದು ತಿರುಳೇ ಅಲ್ಲವೆಂದು ಆಮೇಲೆ ತಿಳಿಯಿತು. ತೆರೆಯ ಮೇಲೆ ಚಿತ್ರವನ್ನು ಮೂಡಿಸುವ ಚಾಲಕ ಕಾರ್ಯಕ್ರಮವು ತಿರುಳಿನೊಳಗೆ ಸೇರದೆ ಹೊರಗಿನಿಂದ ತಂದು ಜೋಡಿಸಿದ್ದಾಗಿತ್ತು. ಅಂಥದನ್ನು ಪ್ರತಿಯೊಂದು ತಿರುಳಿಗೂ ಹೊಸದಾಗಿ ಹೊಲಿಯಬೇಕು. ಒಬ್ಬಳ ಅಳತೆಗೆ ಹೊಲಿದ ರವಕೆಯು ಇನ್ನೊಬ್ಬಳಿಗೆ ಹೊಂದುವದಿಲ್ಲವಷ್ಟೆ. ಹೊಸ ತಿರುಳಿಗೆ ಹೊಲಿಯುವ ಕೆಲಸವು ನಡುವೆ ನಿಂತುಹೋದದ್ದರಿಂದ, ಯಂತ್ರವು ಎದ್ದಿದ್ದರೂ ಮುಖವನ್ನು ತೋರಿಸಲಾರದೆ ಹೋಯಿತು.

ತಿರುಳಿನಲ್ಲಿಯೇ ದೋಷವಿರುವದೂ ಉಂಟು. ೨೦೨೩ನೆಯ ಡಿಸೆಂಬರದಲ್ಲಿ ಡೆಬಿಯನ್ ಎಂಬ ಪ್ರಸಿದ್ಧ ಸಂಗ್ರಹದವರು ತಮ್ಮ ೧೨.೩ನೆಯ ಪ್ರತಿಯನ್ನು ಹೊರಡಿಸಲು ಸಿದ್ಧವಾಗಿದ್ದಾಗ, ಅದರ ೬.೧.೬೪ ಎಂಬ ತಿರುಳು ಇಎಕ್ಸ್‌ಟಿ೪ ಎಂಬ ಬಗೆಯ ತಟ್ಟೆಗಳ ಮೇಲಿನ ಬರಹವನ್ನು ಕೆಡಿಸಬಲ್ಲದೆಂದು ಕಂಡುಬಂತು. ಅವರು ೧೨.೩ನ್ನು ತಡೆದು, ಜನರಿಗೆ ಎಚ್ಚರಿಕೆ ಕೊಟ್ಟು, ತಿದ್ದಿದ ತಿರುಳಿನೊಡನೆ ೧೨.೪ನ್ನು ಅದೇ ತಿಂಗಳ ೧೦ರಂದು ಹೊರಡಿಸಿದರು. ಅಷ್ಟರಲ್ಲಿ ಹೊಸ ತಿರುಳನ್ನು ಹಾಕಿಕೊಂಡಿದ್ದವರಿಗೆ ಪಕ್ಕದಲ್ಲಿದ್ದ ಹಳೆಯ ತಿರುಳಿನಿಂದ ಯಂತ್ರವನ್ನು ಎಬ್ಬಿಸುವದೇ ಕ್ಷೇಮವಾಗಿತ್ತು. ಇಂಥ ಸಮಯಕ್ಕಾಗಿಯೇ ಈ ಪಟ್ಟಿ ಇರುವದು.

ಆದರೆ ಹಳೆಯದಕ್ಕೆ ಹಿಂದಿರುಗುವದರಿಂದ ಎಲ್ಲವೂ ಸರಿಹೋಗುವದೆಂದು ತಿಳಿಯಬಾರದು. ೨೦೦೮ರಲ್ಲಿ ೨.೬.೨೭ನೆಯ ತಿರುಳಿನ ಪರೀಕ್ಷಾ ಪ್ರತಿಗಳು ಇಂಟೆಲ್‌ನವರ ಕೆಲವು ಜಾಲದ ಕಾರ್ಡುಗಳೊಳಗಿನ ಶಾಶ್ವತ ಬರಹವನ್ನೇ ಕೆಡಿಸಿಬಿಟ್ಟವು. ಹಾಗೆ ಕೆಟ್ಟ ಕಾರ್ಡು ಹಳೆಯ ತಿರುಳಿನಿಂದ ಎಬ್ಬಿಸಿದರೂ ಏಳಲಿಲ್ಲ. ಪೆಟ್ಟು ಬಿದ್ದದ್ದು ಯಂತ್ರದ ಅಂಗಕ್ಕೇ. ಆ ತಿರುಳು ಅಕ್ಟೋಬರದಲ್ಲಿ ಎಲ್ಲರಿಗಾಗಿ ಹೊರಡುವ ಮುಂಚೆಯೇ ದೋಷವನ್ನು ಕಂಡುಹಿಡಿದದ್ದರಿಂದ, ಪರೀಕ್ಷೆಗೆ ಮುಂದಾಗಿ ಬಂದವರಿಗೆ ಮಾತ್ರ ಆ ನಷ್ಟವಾಯಿತು.

ಹಳೆಯದರಲ್ಲಿಯೇ ಕುಳಿತಿರುವದರ ಅಪಾಯವು ಇದಕ್ಕಿಂತ ಮೆಲ್ಲನೆ ಬರುವಂಥದು, ಆದ್ದರಿಂದಲೇ ಹೆಚ್ಚಿನದು. ೨೦೨೨ನೆಯ ಮಾರ್ಚದಲ್ಲಿ ಮಾಕ್ಸ್ ಕೆಲ್ಲರ್‌ಮನ್ ಎಂಬವನು ಪ್ರಕಟಿಸಿದ ಡರ್ಟಿ ಪೈಪ್ ಎಂಬ ದೋಷವು ೫.೮ನೆಯ ತಿರುಳಿನಿಂದಲೂ ಅದರೊಳಗೆ ಅಡಗಿತ್ತು. ಓದುವದಕ್ಕೆ ಮಾತ್ರ ಅಪ್ಪಣೆಯುಳ್ಳ ಸಾಧಾರಣ ಬಳಕೆದಾರನು ಅದರ ಮೂಲಕ ಕಡತದ ಮೇಲೆ ಬರೆಯಬಹುದಾಗಿತ್ತು, ಕೊನೆಗೆ ಯಂತ್ರದ ಪೂರ್ಣ ಅಧಿಕಾರವನ್ನೇ ಹಿಡಿಯಬಹುದಾಗಿತ್ತು. ಅದಕ್ಕಿಂತ ಮೊದಲು ೨೦೧೬ರಲ್ಲಿ ತಿದ್ದಲ್ಪಟ್ಟ ಡರ್ಟಿ ಕೌ ಎಂಬದು ೨೦೦೭ರಿಂದ, ಅಂದರೆ ಒಂಬತ್ತು ವರುಷ, ಯಾರ ಗಮನಕ್ಕೂ ಬಾರದೆ ತಿರುಳಿನಲ್ಲಿತ್ತು. ಇವುಗಳನ್ನು ಮುಚ್ಚಿದ್ದು ಹೊಸ ತಿರುಳುಗಳು. ಹಳೆಯ ತಿರುಳನ್ನು ಹೆಸರಿನಿಂದ ಗೊತ್ತುಮಾಡಿ ಮರೆತುಬಿಟ್ಟರೆ, ಯಂತ್ರವು ದಿನಾಲು ಹೊಸ ತಿರುಳುಗಳನ್ನು ತರಿಸಿಕೊಳ್ಳುತ್ತಿದ್ದರೂ ಒಂದನ್ನೂ ಬಳಸದೆ, ತೂತು ಬಿದ್ದ ಗೋಡೆಯೊಳಗೆ ಮಲಗಿರುವದು. ತೆರೆಯ ಮೇಲೆ ಎಲ್ಲವೂ ಸರಿಯಾಗಿಯೇ ಕಾಣುವದರಿಂದ ಯಾರಿಗೂ ಸಂಶಯ ಬರುವದಿಲ್ಲ. ಹಣದ ವ್ಯವಹಾರವನ್ನೋ ಮಕ್ಕಳ ಹೆಸರುಗಳನ್ನೋ ಇಟ್ಟಿರುವ ಯಂತ್ರಕ್ಕೆ ಇದು ಸಲ್ಲದು.

ಹೀಗಿರಲಾಗಿ ನಾವು ಮಾಡಿದ್ದೇನಂದರೆ: ಹಳೆಯ ತಿರುಳನ್ನು ಮೇಲೆ ಹೇಳಿದಂತೆ ಗೊತ್ತುಮಾಡಿದೆವು, ಆ ದಿವಸದ ತಾರೀಕನ್ನೂ ಕಾರಣವನ್ನೂ ಬರೆದ ಚೀಟಿಯನ್ನು ಯಂತ್ರದ ನೆತ್ತಿಗೆ ಅಂಟಿಸಿದೆವು, ಈ ಸಾರಿ ನಿಜವಾದ ಕಾಗದದ ಚೀಟಿ. ಅದೇ ಸಾಯಂಕಾಲ ಹೆಸರಿನ ಪಟ್ಟಿಯ ಎರಡು ಪ್ರತಿಗಳನ್ನು ತೆಗೆದು, ಒಂದನ್ನು ಕಚೇರಿಯಲ್ಲಿಯೂ ಒಂದನ್ನು ಬೇರೆ ಮನೆಯಲ್ಲಿಯೂ ಇಟ್ಟೆವು. ಕೆಲವು ವಾರಗಳ ಮೇಲೆ ತೆರೆಯ ಚಾಲಕದ ತಿದ್ದಿದ ಪ್ರತಿಯು ಬಂತು. ಆಗ ಚೀಟಿಯನ್ನು ಒಡನೆಯೇ ಬದಲಿಸದೆ, ಗ್ರಬ್-ರೀಬೂಟ್ ಎಂಬ ಆಜ್ಞೆಯನ್ನು ಬಳಸಿದೆವು. ಇದು ಮುಂದಿನ ಒಂದು ಸಾರಿಗೆ ಮಾತ್ರ ಹೊಸ ತಿರುಳನ್ನು ಎಬ್ಬಿಸು, ಅದರ ಮರುಸಾರಿಗೆ ಹಳೆಯದಕ್ಕೇ ಹಿಂದಿರುಗು ಎಂಬ ಅಪ್ಪಣೆ. ತೆರೆಯು ಕಪ್ಪಾದರೂ ಯಂತ್ರವನ್ನು ಆರಿಸಿ ಹಚ್ಚಿದರೆ ಸಾಕು. ಕಪ್ಪಾಗಲಿಲ್ಲ. ಒಂದು ವಾರ ಹೀಗೆ ದಿನವೂ ಪರೀಕ್ಷಿಸಿ, ಚೀಟಿಯಲ್ಲಿ ಮತ್ತೆ ಸೊನ್ನೆಯನ್ನು ಬರೆದು, ಅಪ್‌ಡೇಟ್-ಗ್ರಬ್ ಕೊಟ್ಟು, ನೆತ್ತಿಯ ಮೇಲಿನ ಕಾಗದವನ್ನು ಕಿತ್ತೆವು.

ಅಜ್ಜಿಯ ಊರಿನಿಂದ ಹಿಂದಿರುಗಿದ ಆ ಹುಡುಗಿಗೆ ಇದನ್ನೆಲ್ಲ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆವು. ಅವಳು ಕೇಳಿ, ತನಗೆ ಚೀಟಿಯ ಸಂಗತಿಯು ಗೊತ್ತಿರಲಿಲ್ಲವೆಂದೂ, ಪಟ್ಟಿಯಿಂದ ಆರಿಸುವದನ್ನು ಮಾತ್ರ ಅಣ್ಣನು ಮಾಡುವಾಗ ನೋಡಿದ್ದೆನೆಂದೂ ಹೇಳಿದಳು. ಈಗ ಆ ಕೊಠಡಿಯ ಯಂತ್ರಗಳ ತಿರುಳಿನ ಸಂಖ್ಯೆಗಳನ್ನು ತಿಂಗಳಿಗೊಮ್ಮೆ ಒಂದು ಪುಸ್ತಕದಲ್ಲಿ ಬರೆಯುವದು ಅವಳದೇ ಕೆಲಸವಾಗಿದೆ.

ಹಳೆಯ ವಿದ್ಯಾರ್ಥಿನಿಯರ ಹೆಸರಿನ ಪಟ್ಟಿಯನ್ನು ಶಾಲೆಯ ಕಚೇರಿಯಲ್ಲಿ ಯಾರಾದರೂ ನೋಡಬಹುದು. ಗೆದ್ದಲು ತಿಂದ ಪುಟಗಳಲ್ಲಿದ್ದ ಹೆಸರುಗಳು ಮಾತ್ರ ಇನ್ನೂ ದೊರಕಲಿಲ್ಲ. ಆ ಸಾಲುಗಳನ್ನು ಖಾಲಿಯಾಗಿಯೇ ಬಿಟ್ಟಿದ್ದೇವೆ. ನಿಮ್ಮ ಹೆಸರಾಗಲಿ, ನಿಮ್ಮ ತಾಯಿಯ ಇಲ್ಲವೆ ಚಿಕ್ಕಮ್ಮನ ಹೆಸರಾಗಲಿ ಅದರಲ್ಲಿ ಕಾಣದಿದ್ದರೆ, ಸೇರಿದ ವರುಷವನ್ನೂ ಬಿಟ್ಟ ವರುಷವನ್ನೂ ನೆನಪಿದ್ದಷ್ಟು ಬರೆದು ಕಚೇರಿಗೆ ಕಳುಹಿಸಬೇಕಾಗಿ ಕೇಳಿಕೊಳ್ಳುತ್ತೇವೆ.